ಅಂಚೆಯಲ್ಲಿ ಕಲಿತ ಕತೆಗಾರಿಕೆ

ಕಾರವಾರದ ಕಾಳಿಯಿಂದ ಅಂಕೋಲೆಯ ಗಂಗಾವಳಿಯವರೆಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ತಾಸು. ಹೊಳೆ ದಾಟಿದರೆ ಹನೇಹಳ್ಳಿ, ಬಂಕಿಕೊಡ್ಲ, ಗೋಕರ್ಣ. ಇಷ್ಟು ಸಣ್ಣ ದಂಡೆ ಕನ್ನಡ ಸಣ್ಣಕತೆಗೆ ಕೊಟ್ಟ ಹೆಸರುಗಳನ್ನು ಒಮ್ಮೆ ನೆನೆಯಿರಿ. ಯಶವಂತ ಚಿತ್ತಾಲರು ಹನೇಹಳ್ಳಿಯವರು, ಜಯಂತ ಕಾಯ್ಕಿಣಿ ಗೋಕರ್ಣದವರು, ವಿವೇಕ ಶಾನಭಾಗ ಮತ್ತು ಸುನಂದಾ ಕಡಮೆ ಅಂಕೋಲೆಯ ಕಡೆಯವರು. ಕನ್ನಡದ ಸಣ್ಣಕತೆಗಳನ್ನು ಆರಿಸಿ ನ್ಯಾಷನಲ್ ಬುಕ್ ಟ್ರಸ್ಟಿಗೆ ಸಂಕಲನ ಮಾಡಿಕೊಟ್ಟ ವಿಮರ್ಶಕ ಜಿ.ಎಚ್. ನಾಯಕರು ಅಂಕೋಲೆ ತಾಲೂಕಿನ ಸೂರ್ವೆಯವರು. ಬರೆದವರೂ ನಮ್ಮವರೇ, ಅಳೆದು ತೂಗಿದವರೂ ನಮ್ಮವರೇ. ಆದರೆ ಕತೆಗೆಂದೇ ನಿಂತು ದಶಕಗಟ್ಟಲೆ ಬಾಳಿದ ಒಂದು ಮಾಸಿಕವನ್ನು ಈ ದಂಡೆ ಕಟ್ಟಿಕೊಳ್ಳಲಿಲ್ಲ. ನಮ್ಮ ಕತೆಗಾರರ ಶಾಲೆ ಅಂಚೆ ಪೆಟ್ಟಿಗೆಯ ಆಚೆ ಇತ್ತು.

ವರ್ಷ ತುಂಬಿದಾಗ ಪತ್ರಿಕೆ ನಡೆಸುವ ನಮ್ಮಂಥವರು ಹಿಂದೆ ತಿರುಗಿ ನೋಡುವುದು ರೂಢಿ. ಚಂದಾದಾರರು ಎಷ್ಟು, ಕಾಗದದ ದರ ಎಷ್ಟು ಏರಿತು, ಜಾಹೀರಾತು ಕೊಡುತ್ತೇನೆಂದವರು ಎಷ್ಟು ಮಂದಿ ಫೋನ್ ಎತ್ತಲಿಲ್ಲ ಎಂಬ ಲೆಕ್ಕ ಬರೆದು ಮುಗಿಸಬಹುದು. ಈ ಸಲ ಬೇರೆ ಲೆಕ್ಕ ನೋಡೋಣ ಅನ್ನಿಸಿತು. ಹೊಸದಾಗಿ ಕತೆ ಬರೆಯುವವರಿಗೆ ಪತ್ರಿಕೆಗಳು ನಿಜವಾಗಿ ಕಲಿಸಿದ್ದೇನು, ಮತ್ತು ಕಲಿಸುವ ಆ ಕೆಲಸ ಈಗ ಯಾರ ಕೈಯಲ್ಲಿದೆ?

ಮೊದಲು ನಮ್ಮ ಊರಿನ ಪತ್ರಿಕೆಯ ಮಾತು. ದಿನಕರ ದೇಸಾಯಿಯವರ ಹೆಸರಿನ ಜೊತೆಗೇ ಬರುವ ‘ಜನಸೇವಕ’ ವಾರಪತ್ರಿಕೆ ಅಂಕೋಲೆಯ ಓದುಗರಿಗೆ ಚುಟುಕದ ಚಟ ಹಿಡಿಸಿತು. ನಾಲ್ಕು ಸಾಲಿನ ಪದ್ಯಕ್ಕೆ ವಾರಪತ್ರಿಕೆಯ ಒಂದು ಮೂಲೆ ಸಾಕು. ಈ ವಾರದ ಸುದ್ದಿಗೆ ಈ ವಾರವೇ ಕುಟುಕಬಹುದು, ಓದಿದವನು ಚಹದಂಗಡಿಯಲ್ಲಿ ಕೂತು ಒಪ್ಪಿಸಬಹುದು. ದೇಸಾಯಿಯವರ ಪ್ರತಿಭೆ ದೊಡ್ಡದು, ಒಪ್ಪೋಣ. ಆದರೆ ಆ ಪ್ರತಿಭೆಗೆ ವಾರವಾರವೂ ಒಂದು ಜಾಗ ಕಾದಿರುತ್ತಿತ್ತು ಎಂಬುದೂ ಸಣ್ಣ ಮಾತಲ್ಲ. ಜಿಲ್ಲೆಯ ತುಂಬ ಚುಟುಕ ಬರೆಯುವವರು ಹುಟ್ಟಿಕೊಂಡದ್ದಕ್ಕೆ ಆ ಜಾಗವೂ ಕಾರಣ. ಕತೆಗೆ ಹಾಗಲ್ಲ. ಅದಕ್ಕೆ ಎಂಟು ಪುಟ ಬೇಕು, ಕಾಯುವ ಸಂಪಾದಕ ಬೇಕು. ಸ್ವಾತಂತ್ರ್ಯ ಚಳವಳಿ, ರೈತರ ಗೇಣಿ ಹೋರಾಟ, ಶಾಲೆ ಕಟ್ಟುವ ಕೆಲಸ ಇವುಗಳ ನಡುವೆ ಹೊರಡುತ್ತಿದ್ದ ಸ್ಥಳೀಯ ಪತ್ರಿಕೆಗಳಿಗೆ ಅಷ್ಟು ಪುಟವೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ.

ಹಾಗಾಗಿ ಕತೆಯ ಲಕೋಟೆಗಳು ಅರಬೈಲ ಘಟ್ಟ ಹತ್ತಿದವು. ಘಟ್ಟದ ಮೇಲೆ ಧಾರವಾಡವಿತ್ತು. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಮನೋಹರ ಗ್ರಂಥಮಾಲೆ, ಬೆಟಗೇರಿ ಕೃಷ್ಣಶರ್ಮರ ‘ಜಯಂತಿ’, 1964ರಿಂದ ‘ಸಂಕ್ರಮಣ’. ಅತ್ತ ಮಾಸ್ತಿಯವರು ಎರಡು ದಶಕ ನಡೆಸಿದ ‘ಜೀವನ’, ಆಮೇಲೆ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’. ಹಳಿಯಾಳದಲ್ಲಿ ಹುಟ್ಟಿದ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ ಕಾದಂಬರಿ 1961ರಲ್ಲಿ ಬಂದದ್ದು ಧಾರವಾಡದಿಂದ. ಇತ್ತ ಗೋಕರ್ಣದಲ್ಲಿ ಗೌರೀಶ ಕಾಯ್ಕಿಣಿಯವರು, ಬಂಕಿಕೊಡ್ಲದ ಆನಂದಾಶ್ರಮ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದ ಸು.ರಂ. ಎಕ್ಕುಂಡಿಯವರು. ಊರಲ್ಲಿದ್ದ ಇಂಥ ಕೆಲವೇ ಹಿರಿಯರು ಪತ್ರಿಕೆಗಳ ಲೋಕಕ್ಕೂ ನಮ್ಮ ಹುಡುಗರಿಗೂ ನಡುವೆ ದಾರಿಯಾದರು. ಮಾಸ್ತರರ ಮನೆಗೆ ಬಂದ ಪತ್ರಿಕೆಯನ್ನು ಎರವಲು ತಂದು ಓದಿದ ತಲೆಮಾರು ಅದು.

ಅಂದಿನ ನಿಯಮಗಳು ಬರೆಯುವವರಿಗೆಲ್ಲ ಬಾಯಿಪಾಠ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು. ಎಡಕ್ಕೆ ಅಂಚು ಬಿಡಬೇಕು. ಬೇರೆ ಪತ್ರಿಕೆಗೆ ಕಳಿಸಿರಬಾರದು. ಸ್ವವಿಳಾಸ ಬರೆದು ಸಾಕಷ್ಟು ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಜೊತೆಗಿಡಬೇಕು. ಈ ಕೊನೆಯ ನಿಯಮ ಬಲು ಕ್ರೂರವಾದದ್ದು. ತನ್ನ ಕತೆ ತಿರಸ್ಕೃತವಾಗಿ ಬರಲಿಕ್ಕೆ ಬೇಕಾದ ಖರ್ಚನ್ನು ಕತೆಗಾರನೇ ಮುಂಗಡ ಕೊಟ್ಟಂತೆ. ಪೋಸ್ಟ್‌ಮ್ಯಾನ್ ಕೊಟ್ಟ ಲಕೋಟೆ ದಪ್ಪಗಿದ್ದರೆ ಒಡೆಯುವ ಮೊದಲೇ ಗೊತ್ತಾಗುತ್ತಿತ್ತು. ತೆಳ್ಳಗಿನ ಕಾರ್ಡು ಬಂದರೆ ಆ ದಿನ ಊಟ ರುಚಿಸುತ್ತಿರಲಿಲ್ಲ, ಖುಷಿಗೆ. ದಪ್ಪ ಲಕೋಟೆಯೊಳಗೂ ಒಮ್ಮೊಮ್ಮೆ ಲಾಭವಿರುತ್ತಿತ್ತು. ಅಚ್ಚು ಹಾಕಿಸಿದ ವಿಷಾದಪತ್ರದ ಕೆಳಗೆ ಶಾಯಿಯಲ್ಲಿ ಬರೆದ ಒಂದು ಸಾಲು: ಮುಕ್ತಾಯ ಅವಸರದ್ದಾಯಿತು, ಇನ್ನೊಂದು ಕಳಿಸಿ. ಆ ಒಂದು ಸಾಲನ್ನು ಜನ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಅದರ ಬೆಲೆ ಇಷ್ಟೇ: ಹೆಸರು ಕೇಳದ, ಮುಖ ನೋಡದ, ನೆಂಟಸ್ತಿಕೆ ಇಲ್ಲದ ಒಬ್ಬ ಓದುಗ ಕತೆಯನ್ನು ಕೊನೆಯವರೆಗೆ ಓದಿದ್ದಾನೆ.

ನಮ್ಮ ಕಡೆ ಇಂಥ ಓದುಗ ಊರೊಳಗೆ ಸಿಗುವುದು ಕಷ್ಟ. ಊರಲ್ಲಿ ಕತೆ ತೋರಿಸಿದರೆ ‘ಅಡ್ಡಿಲ್ಲ’ ಅನ್ನುತ್ತಾರೆ. ಹೊಗಳಿದ್ದೋ ತೆಗಳಿದ್ದೋ ತಿಳಿಯದ ಮಾತು. ತೀರಾ ಕೆಟ್ಟ ಊಟಕ್ಕೂ ‘ಅಡ್ಡಿಲ್ಲ’, ಮದುವೆಯಾಗಲಿರುವ ಹುಡುಗನಿಗೂ ‘ಅಡ್ಡಿಲ್ಲ’. ದೂರದ ಸಂಪಾದಕನಿಗೆ ಈ ದಾಕ್ಷಿಣ್ಯದ ಅಗತ್ಯವಿರಲಿಲ್ಲ. ಪತ್ರಿಕೆ ಪ್ರಕಟಿಸಿ ಕಲಿಸಿದ್ದಕ್ಕಿಂತ ಪ್ರಕಟಿಸುವ ಮುಂಚೆ ಕಲಿಸಿದ್ದೇ ಹೆಚ್ಚೆಂದು ನಾವು ನಂಬಿರುವುದು ಇದಕ್ಕಾಗಿ.

ಜನಪ್ರಿಯ ವಾರ, ಮಾಸಪತ್ರಿಕೆಗಳ ಋಣ ಬೇರೆ ಬಗೆಯದು. 1965ರಲ್ಲಿ ‘ಸುಧಾ’, ಆಮೇಲೆ ‘ಮಯೂರ’, ‘ತುಷಾರ’, ‘ತರಂಗ’ ಬಂದು ಕತೆ ಓದುವವರ ಸಂಖ್ಯೆಯನ್ನೇ ಬೆಳೆಸಿದವು. ಅಂಕೋಲೆಯ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಹಗ್ಗಕ್ಕೆ ನೇತುಹಾಕಿದ ಪತ್ರಿಕೆಯಲ್ಲಿ ತನ್ನ ಹೆಸರು ಅಚ್ಚಾಗಿದೆಯೆಂದರೆ ಆ ಹುಮ್ಮಸ್ಸು ಇನ್ನು ಹತ್ತು ಕತೆ ಬರೆಸುತ್ತದೆ. ಅಲ್ಲಿಯ ಉಪಸಂಪಾದಕರು ಒಳ್ಳೆಯ ಓದುಗರೇ. ಆದರೆ ಗಡುವಿಗೆ ಪುಟ ತುಂಬಬೇಕಾದವರಿಗೆ ಕತೆಗಾರನೊಡನೆ ಪತ್ರವ್ಯವಹಾರ ಮಾಡುತ್ತ ಕೂರುವುದು ಆಗದ ಮಾತು. ಚಿತ್ರಕಾರನಿಗೆ ಜಾಗ ಬಿಟ್ಟು ಉಳಿದ ಅಳತೆಗೆ ಕತೆಯನ್ನು ಕೂರಿಸುತ್ತಿದ್ದರು. ಅದರಿಂದಲೂ ಕಲಿತವರಿದ್ದಾರೆ. ಯಾವ ಪ್ಯಾರಾ ಹಾರಿಹೋಗಿದೆ ಎಂದು ತನ್ನ ಕರಡಿನ ಪಕ್ಕ ಅಚ್ಚಾದ ಪುಟ ಇಟ್ಟು ನೋಡಿದವನಿಗೆ, ಆ ಪ್ಯಾರಾ ಇಲ್ಲದೆಯೂ ಕತೆ ನಿಂತಿದೆ ಎಂಬ ಸಂಗತಿ ಸಿಟ್ಟು ಇಳಿದ ಮೇಲೆ ಹೊಳೆಯುತ್ತದೆ.

ಇಲ್ಲಿ ಒಂದು ಅಡ್ಡಮಾತು. ಕಾರವಾರದ ಕಡಲದಂಡೆಗೆ ಟಾಗೋರರ ಹೆಸರಿಟ್ಟಿದ್ದೇವೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ರವೀಂದ್ರರು ಬಂದು ಉಳಿದು ಒಂದು ನಾಟಕ ಬರೆದರು ಎಂಬುದನ್ನು ಪ್ರವಾಸಿಗರಿಗೆಲ್ಲ ಹೇಳುತ್ತೇವೆ. ಅದೇ ಮನೆಯ ಅತ್ತಿಗೆ ಜ್ಞಾನದಾನಂದಿನಿ ದೇವಿ ಎರಡು ವರ್ಷದ ಬಳಿಕ ಕೋಲ್ಕತ್ತೆಯಲ್ಲಿ ‘ಬಾಲಕ’ ಎಂಬ ಮಕ್ಕಳ ಮಾಸಿಕ ತೆಗೆದು ಮೈದುನನಿಂದ ಬರೆಸಿಕೊಂಡರು ಎಂಬುದನ್ನು ಹೇಳುವುದಿಲ್ಲ. ರವೀಂದ್ರರ ಸಣ್ಣಕತೆಗಳ ಹೊಳೆ ಹರಿಯತೊಡಗಿದ್ದು 1891ರಲ್ಲಿ, ‘ಹಿತವಾದಿ’ ವಾರಪತ್ರಿಕೆಗೂ ಮನೆಯವರದೇ ಆದ ‘ಸಾಧನಾ’ ಮಾಸಿಕಕ್ಕೂ ಕತೆ ಒದಗಿಸಬೇಕಾಗಿ ಬಂದಾಗ. ಅಷ್ಟು ದೊಡ್ಡ ಪ್ರತಿಭೆಗೂ ಸಂಚಿಕೆಯ ಗಡುವು ಬೇಕಾಯಿತು. ಕಡಲದಂಡೆಯ ಫಲಕದಲ್ಲಿ ಇದಕ್ಕೂ ಒಂದು ಸಾಲು ಕೊಡಬಹುದಿತ್ತು.

ಈ ಸಿಂಹಾವಲೋಕನದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇನ್ನೊಂದು ಸಂಗತಿಯ ಹತ್ತಿರ. ಅಂಚೆಯಲ್ಲಿ ಕಲಿತ ನಮ್ಮ ಕಡೆಯ ಇಬ್ಬರು ಕತೆಗಾರರು ಮುಂದೆ ತಾವೇ ಸಂಪಾದಕರ ಕುರ್ಚಿಯಲ್ಲಿ ಕೂತರು. ಜಯಂತ ಕಾಯ್ಕಿಣಿ 2000ದ ಆಸುಪಾಸಿನಲ್ಲಿ ‘ಭಾವನಾ’ ಮಾಸಿಕದ ಸಂಪಾದಕರಾದರು. ವಿವೇಕ ಶಾನಭಾಗ 2005ರಿಂದ ಏಳು ವರ್ಷ ‘ದೇಶ ಕಾಲ’ ತ್ರೈಮಾಸಿಕ ನಡೆಸಿದರು. ಒಬ್ಬರು ಜೀವರಸಾಯನಶಾಸ್ತ್ರ ಕಲಿತವರು, ಇನ್ನೊಬ್ಬರು ಎಂಜಿನಿಯರ್. ಇಬ್ಬರೂ ಊರು ಬಿಟ್ಟು ದೊಡ್ಡ ಶಹರಗಳಲ್ಲಿ ನೌಕರಿ ಮಾಡುತ್ತಲೇ ಬರೆದವರು. ಮುಂಬಯಿಯ ಬಾಂದ್ರಾದಲ್ಲಿ ಕೂತು ಹನೇಹಳ್ಳಿಯ ಕತೆ ಬರೆದ ಚಿತ್ತಾಲರೂ ಪಾಲಿಮರ್ ತಂತ್ರಜ್ಞರೇ. ಚಿತ್ತಾಲರು ಪತ್ರಿಕೆ ನಡೆಸಲಿಲ್ಲ. ‘ಸಾಹಿತ್ಯದ ಸಪ್ತಧಾತುಗಳು’ ಥರದ ಪ್ರಬಂಧಗಳಲ್ಲಿ ಕತೆ ಕಟ್ಟುವ ಕಸುಬನ್ನು ಬಿಚ್ಚಿ ತೋರಿಸಿದರು. ಹೊಸಬರು ಅದನ್ನು ಇಂದಿಗೂ ಓದಬೇಕು.

ಕತೆಗಾರನೇ ಸಂಪಾದಕನಾದರೆ ಏನಾಗುತ್ತದೆ? ಮಲಯಾಳದವರಿಗೆ ಇದರ ಉತ್ತರ ಚೆನ್ನಾಗಿ ಗೊತ್ತು. 1954ರಲ್ಲಿ ಮಾತೃಭೂಮಿಯ ಮೂಲಕ ನಡೆದ ಕಥಾಸ್ಪರ್ಧೆಯಲ್ಲಿ ಬಹುಮಾನ ಪಡೆದ ಹುಡುಗ ಎಂ.ಟಿ. ವಾಸುದೇವನ್ ನಾಯರ್, 1968ರಲ್ಲಿ ಅದೇ ಸಂಸ್ಥೆಯ ವಾರಪತ್ರಿಕೆಯ ಸಂಪಾದಕರಾದರು. ಆಮೇಲಿನ ಮಲಯಾಳಂ ಕತೆಗಾರರ ಒಂದಿಡೀ ಪೀಳಿಗೆ ಅವರ ಮೇಜಿನ ಮೇಲೆ ಹಾದುಹೋಯಿತು. ನಮ್ಮಲ್ಲಿ ಹಣವೂ ಪ್ರಸಾರವೂ ಆ ಮಟ್ಟದ್ದಲ್ಲ. ಆದರೂ ‘ದೇಶ ಕಾಲ’ ಮಾಡಿದ ಒಂದು ಕೆಲಸ ಎದ್ದು ಕಾಣುತ್ತದೆ. ಅದು ಕತೆಯ ಉದ್ದದ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. ಭಾನುವಾರದ ಪುರವಣಿಯ ಒಂದು ಪುಟಕ್ಕೆ ಹಿಡಿಸುವಷ್ಟೇ ಬರೆಯುವ ಅಭ್ಯಾಸ ಬಿದ್ದಿದ್ದ ಕಾಲದಲ್ಲಿ, ಕತೆ ಎಷ್ಟು ಕೇಳುತ್ತದೋ ಅಷ್ಟು ಬರೆಯಬಹುದು ಎಂಬ ಧೈರ್ಯ ಬಂತು. ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆಯಾದ್ದರಿಂದ ಅವಸರವೂ ಇರಲಿಲ್ಲ. ಒಂದೇ ಸಂಚಿಕೆಯಲ್ಲಿ ಹೆಸರಾಂತರ ಪಕ್ಕದಲ್ಲಿ ಹೊ‍ಸಬರ ಕತೆ, ಬೇರೆ ಭಾಷೆಯ ಅನುವಾದ, ಗಟ್ಟಿಯಾದ ವಿಚಾರ ಲೇಖನ ಇರುತ್ತಿದ್ದವು. ಹೊಸಬರಿಗೆ ಆ ನೆರೆಹೊರೆಯೇ ಪಾಠ.

‘ದೇಶ ಕಾಲ’ ಒಂದು ವರ್ಗದ ಅಭಿರುಚಿಯ ಪತ್ರಿಕೆ, ಒಳಗೆ ಬಿಟ್ಟವರಿಗಿಂತ ಹೊರಗೆ ನಿಂತವರೇ ಹೆಚ್ಚು ಎಂಬ ಆಕ್ಷೇಪ ಆಗಲೇ ಬಂದಿತ್ತು. ಆಕ್ಷೇಪದಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವ ಹಾಗಿಲ್ಲ. ಒಬ್ಬ ಸಂಪಾದಕನ ಕಿವಿಗೆ ಒಂದಷ್ಟು ಸ್ವರಗಳು ಮಾತ್ರ ಕೇಳಿಸುತ್ತವೆ, ಅವನು ಎಷ್ಟೇ ಜಾಣನಿರಲಿ. ಅದಕ್ಕೆ ಮದ್ದು ಬೇರೆ ಕಿವಿಯ ಇನ್ನೂ ಹತ್ತು ಪತ್ರಿಕೆಗಳು. ಲಂಕೇಶರ ಪತ್ರಿಕೆಯನ್ನೇ ನೋಡಿ. 1980ರಲ್ಲಿ ಶುರುವಾದದ್ದು ರಾಜಕಾರಣದ ವಾರಪತ್ರಿಕೆಯಾಗಿ. ಆದರೆ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲೇ. ಹಾಸನದ ಬಾನು ಮುಷ್ತಾಕ್ ವರದಿಗಾರ್ತಿಯಾಗಿ ಬರೆದದ್ದೂ ಅಲ್ಲಿಗೇ. 2025ರಲ್ಲಿ ಬಾನು ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಮುಸ್ಲಿಂ ಹೆಣ್ಣುಮಕ್ಕಳ ಬರಹಕ್ಕೆ ವಾರವಾರ ಜಾಗ ಬಿಟ್ಟುಕೊಟ್ಟ ಒಂದು ಕನ್ನಡ ಪತ್ರಿಕೆ ನಾಲ್ಕು ದಶಕದ ಹಿಂದೆ ಇತ್ತೆಂಬುದನ್ನು ನೆನೆದವರು ಕಡಿಮೆ.

ತಿದ್ದುವುದು ಎಂದರೇನು ಎಂಬುದನ್ನು ಹತ್ತಿರದಿಂದ ತೋರಿಸುವುದಕ್ಕೆ ನಮ್ಮಲ್ಲಿಗೆ ಬಂದ ಒಂದು ಕತೆಯ ಪ್ರಸಂಗ ಹೇಳುತ್ತೇವೆ. ಬರೆದವಳು ಕಾಲೇಜು ಮುಗಿಸಿದ ಹುಡುಗಿ. ಹೆಸರು ಬೇಡ. ಕಾರವಾರದ ಮೀನು ಮಾರ್ಕೆಟ್ಟಿಗೆ ಅಂಕೋಲೆ ಕಡೆಯಿಂದ ಬುಟ್ಟಿ ಹೊತ್ತು ಬರುವ ಒಬ್ಬ ಹೆಂಗಸಿನ ಕತೆ. ಮೊದಲ ಎರಡು ಪುಟ ಸೂರ್ಯಾಸ್ತ. ಕೆಂಪು, ಕಿತ್ತಳೆ, ಚಿನ್ನ, ನಡುವೆ ಒಂದು ಹಕ್ಕಿಸಾಲು. ಮೂರನೆಯ ಪುಟದಲ್ಲಿ ಬಂಗಡೆಯ ದರ ಬರುತ್ತದೆ. ನಾಲ್ಕು ಗಂಟೆಗೆ ನೂರಕ್ಕೆ ಎಂಟು. ಐದೂವರೆಗೆ ನೂರಕ್ಕೆ ಹತ್ತು. ಕೊನೆಯ ಬಸ್ಸಿಗೆ ಹೊತ್ತಾದಂತೆ ನೂರಕ್ಕೆ ಹದಿನೈದು, ಮೇಲೆ ಎರಡು ಕೊಸರು. ಗಿರಾಕಿಗಳಿಗೂ ಬಸ್ಸಿನ ಹೊತ್ತು ಗೊತ್ತು. ಸುತ್ತುಹಾಕಿ, ಸುತ್ತುಹಾಕಿ ಬರುತ್ತಾರೆ. ಆ ಹೆಂಗಸು ಯಾರಿಗೂ ಬಯ್ಯುವುದಿಲ್ಲ, ಬುಟ್ಟಿಯ ಮೇಲಿನ ಬಾಳೆ ಎಲೆಯನ್ನು ತೆಗೆಯುತ್ತಾಳೆ, ಮುಚ್ಚುತ್ತಾಳೆ. ಇಷ್ಟನ್ನು ಆ ಹುಡುಗಿ ಬಹಳ ಚೆನ್ನಾಗಿ ಬರೆದಿದ್ದಳು, ಆದರೆ ತಾನು ಬರೆದದ್ದು ಏನೆಂದು ಅವಳಿಗೆ ತಿಳಿದಿರಲಿಲ್ಲ. ಕತೆಯ ಕೊನೆಗೆ ಆ ಹೆಂಗಸಿನ ಗಂಡ ಕುಡಿದು ಬಂದು ಹೊಡೆಯುತ್ತಾನೆ. ನೂರಾರು ಕತೆಗಳಲ್ಲಿ ಹೊಡೆದ ಗಂಡನೇ ಅವನು.

ಮೂರನೆಯ ಪುಟದ ಅಂಚಿಗೆ ಪೆನ್ಸಿಲ್ಲಿನಲ್ಲಿ ‘ಕತೆ ಇಲ್ಲಿಂದ’ ಎಂದು ಬರೆದು, ಬಂಗಡೆಯ ದರಗಳ ಕೆಳಗೆ ಗೆರೆ ಎಳೆದು ಕಳಿಸಿದೆವು. ಗಂಡ ಬೇಕೇ ಎಂದು ಕೇಳಿದೆವು. ಬೇರೇನೂ ಹೇಳಲಿಲ್ಲ. ಅವಳಿಗೆ ಸಿಟ್ಟು ಬಂತೆಂದು ಬೇರೆಯವರಿಂದ ತಿಳಿಯಿತು. ಮಳೆಗಾಲ ಕಳೆದ ಮೇಲೆ ಕತೆ ಮತ್ತೆ ಬಂತು. ಗಂಡ ಹೋಗಿದ್ದ. ಸೂರ್ಯಾಸ್ತ ಹೋಗಿರಲಿಲ್ಲ! ಆದರೆ ಈಗ ಬಣ್ಣಗಳಿಲ್ಲ. ಮಾರ್ಕೆಟ್ಟಿನ ತಗಡಿನ ಮಾಡಿನ ಸಂದಿಯಿಂದ ಬಿಸಿಲು ಯಾವ ಬುಟ್ಟಿಯವರೆಗೆ ಸರಿಯಿತು ಎಂದು ಆ ಹೆಂಗಸು ನೋಡುತ್ತಾಳೆ, ದರ ಇಳಿಸುತ್ತಾಳೆ. ಇಂಥದೊಂದು ನಮಗೆ ಹೊಳೆದೇ ಇರಲಿಲ್ಲ. ಸೂರ್ಯಾಸ್ತವನ್ನು ಕಿತ್ತುಹಾಕು ಎಂದು ಆಜ್ಞೆ ಮಾಡಿದ್ದರೆ ಅದು ಬರುತ್ತಲೂ ಇರಲಿಲ್ಲ. ಎಲ್ಲಿ ಎಂದು ಸಂಪಾದಕ ತೋರಿಸಬಹುದು, ಹೇಗೆ ಎಂಬುದನ್ನು ಬರೆಯುವವರಿಗೇ ಬಿಡಬೇಕು.

ಬಿಡದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ರೇಮಂಡ್ ಕಾರ್ವರ್ ಪ್ರಕರಣವಿದೆ. ‘ಎಸ್ಕ್ವೈರ್’ ಪತ್ರಿಕೆಯಲ್ಲಿದ್ದು ಆಮೇಲೆ ಪ್ರಕಾಶನ ಸಂಸ್ಥೆ ಸೇರಿದ ಗಾರ್ಡನ್ ಲಿಶ್, ಕಾರ್ವರರ 1981ರ ಸಂಕಲನದ ಕೆಲವು ಕತೆಗಳನ್ನು ಅರ್ಧಕ್ಕೂ ಹೆಚ್ಚು ಕತ್ತರಿಸಿದರು. ಕಾರ್ವರ್ ಜಗತ್ಪ್ರಸಿದ್ಧರಾದದ್ದು ಆ ಕತ್ತರಿಸಿದ ಶೈಲಿಗೇ. ಕತ್ತರಿಸದ ಮೂಲ 2009ರಲ್ಲಿ ಅಚ್ಚಾದ ಮೇಲೆ ಯಾವುದು ಅವರ ಕತೆ ಎಂಬ ಜಗಳ ಇಂದಿಗೂ ಮುಗಿದಿಲ್ಲ. ನಮ್ಮಲ್ಲಿ ಅಷ್ಟು ಕತ್ತರಿ ಆಡಿಸುವ ಸಂಪಾದಕರಿಲ್ಲ, ಪುಣ್ಯ. ನಮ್ಮ ರೋಗ ಇದರ ವಿರುದ್ಧದ್ದು: ಬಂದದ್ದನ್ನು ಬಂದ ಹಾಗೇ ಹಾಕುವುದು.

ಭಾಷೆಯ ವಿಷಯದಲ್ಲಿ ಮಾತ್ರ ಕತ್ತರಿ ಎಲ್ಲೆಂದರಲ್ಲಿ ಆಡಿದೆ. ಈ ದಂಡೆಯ ಮಗುವಿಗೆ ಮನೆಯಲ್ಲಿ ಕೊಂಕಣಿ, ಬೇಣದಲ್ಲಿ ಹಾಲಕ್ಕಿ ಒಕ್ಕಲಿಗರ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಕಾರವಾರದ ಪೇಟೆಯಲ್ಲಿ ಮರಾಠಿಯೂ ಕಿವಿಗೆ ಬೀಳುತ್ತದೆ. ಶಾನಭಾಗ, ಕಾಯ್ಕಿಣಿ ಇಬ್ಬರ ಮನೆಮಾತೂ ಕೊಂಕಣಿಯೇ. ಅಂಥ ಕಿವಿಯುಳ್ಳ ಹೊಸ ಕತೆಗಾರ ಪತ್ರಿಕೆಗೆ ಕತೆ ಕಳಿಸುವಾಗ ಹೆದರಿ, ಬೈತಖೋಲದ ಬೋಟಿನವನ ಬಾಯಲ್ಲಿ ಪಠ್ಯಪುಸ್ತಕದ ವಾಕ್ಯ ಹಾಕುತ್ತಾನೆ. ಹೆದರದೆ ಬರೆದರೆ ಪ್ರೂಫ್ ನೋಡುವವರು ತಿದ್ದುತ್ತಾರೆ, ಇಲ್ಲವೇ ಪುಟದ ಕೆಳಗೆ ಅರ್ಥ ಕೊಡಿ ಅನ್ನುತ್ತಾರೆ. ಧಾರವಾಡದ ಕನ್ನಡಕ್ಕೆ ಯಾರೂ ಅಡಿಟಿಪ್ಪಣಿ ಕೇಳಲಿಲ್ಲ. ಬೇಂದ್ರೆಯವರಿಂದ ಹಿಡಿದು ಒಂದು ದೊಡ್ಡ ಪರಂಪರೆ, ಅದರ ಬೆನ್ನಿಗೆ ಪತ್ರಿಕೆಗಳು ಮತ್ತು ಪ್ರಕಾಶಕರು ನಿಂತಿದ್ದರಿಂದ ಅದು ಎಲ್ಲರ ಕಿವಿಗೂ ಒಗ್ಗಿತು. ಊರಿನಲ್ಲಿ ಕತೆಯ ಪತ್ರಿಕೆ ಇಲ್ಲದ್ದರ ನಷ್ಟ ಇಲ್ಲಿಯೇ ಹೆಚ್ಚು ಎಂದು ನಮ್ಮ ಅನಿಸಿಕೆ. ಅಂಚೆಯಲ್ಲಿ ಕತೆ ಕಟ್ಟುವುದನ್ನು ಕಲಿಯಬಹುದು. ತನ್ನ ಕೇರಿಯ ಮಾತಿಗೆ ಧೈರ್ಯ ಪಡೆಯುವುದಕ್ಕೆ ಆ ಮಾತು ಗೊತ್ತಿರುವ ಸಂಪಾದಕ ಬೇಕು. ಅಂಬಾರಕೊಡ್ಲದ ವಿಷ್ಣು ನಾಯ್ಕರು ರಾಘವೇಂದ್ರ ಪ್ರಕಾಶನ ಕಟ್ಟಿ, ಊರಿನವರ ಪುಸ್ತಕಗಳನ್ನು ಊರಿನಲ್ಲೇ ಅಚ್ಚು ಮಾಡಿಸಿ ಈ ಕೊರತೆಯನ್ನು ಒಂದಿಷ್ಟು ತುಂಬಿದ್ದರು. 2024ರಲ್ಲಿ ಅವರೂ ಹೋದರು.

ತಿದ್ದುವುದರ ಜೊತೆಗೆ ಕಾಯಿಸುವುದೂ ಸಂಪಾದಕನ ಕೆಲಸ. ಅದೇ 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಮೂರು ವಾರ ಕಳೆದ ಬೆನ್ನಿಗೇ, ಆಗಸ್ಟ್ 7ರಂದು, ಕಾಳಿಯ ಹಳೆಯ ಸೇತುವೆ ಮುರಿಯಿತು. ಗಂಗಾವಳಿಯಲ್ಲಿ ಕಾಣೆಯಾದವರ ಹುಡುಕಾಟ ನಡೆದಿರುವಾಗಲೇ ಗುಡ್ಡ ಕುಸಿತದ ಕತೆಗಳು ನಮಗೆ ಬರತೊಡಗಿದವು. ಎಲ್ಲ ಕತೆಗಳಲ್ಲೂ ರಸ್ತೆ ಪಕ್ಕದ ಚಹದಂಗಡಿ, ಎಲ್ಲ ಕತೆಗಳಲ್ಲೂ ಲಾರಿ. ಟಿವಿಯಲ್ಲಿ ಕಂಡ ಚಿತ್ರಗಳೇ ಹೆಸರು ಬದಲಿಸಿಕೊಂಡು ಬಂದಿದ್ದವು. ನೋವು ಸುಳ್ಳಲ್ಲ, ಆದರೆ ಕಣ್ಣು ಕ್ಯಾಮೆರಾದ್ದಾಗಿತ್ತು. ನಾವು ಒಂದನ್ನೂ ಹಾಕಲಿಲ್ಲ. ಈಗ ಬೇಡ, ಎರಡು ಮಳೆಗಾಲ ಹೋಗಲಿ, ಆಮೇಲೂ ಬರೆಯಬೇಕೆನ್ನಿಸಿದರೆ ಗುಡ್ಡವನ್ನು ಬಿಟ್ಟು ಬರೆಯಿರಿ ಎಂದು ಉತ್ತರಿಸಿದೆವು. ಕೆಲವರು ಬೇಸರಗೊಂಡರು. ಒಬ್ಬರು ಈಚೆಗೆ ಕಳಿಸಿದ ಕತೆಯಲ್ಲಿ ಗುಡ್ಡವಿಲ್ಲ. ಹೆದ್ದಾರಿ ಮುಚ್ಚಿದ ದಿನಗಳಲ್ಲಿ ಅಂಕೋಲೆಯ ಗ್ಯಾರೇಜಿನಲ್ಲಿ ಸಿಕ್ಕಿಕೊಂಡ ಇಬ್ಬರು ಪರರಾಜ್ಯದ ಡ್ರೈವರುಗಳು ಅಡುಗೆ ಯಾರು ಮಾಡುವುದೆಂದು ಜಗಳಾಡುತ್ತಾರೆ. ಓದಿದರೆ ಮೈ ಜುಂ ಅನ್ನುತ್ತದೆ.

ಇನ್ನೊಂದು ದುರಂತಕ್ಕೆ ಈ ಅವಸರವೂ ಸಿಗಲಿಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತು, 2005ರಲ್ಲಿ ಅರ್ಗಾದಲ್ಲಿ ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿತು. ನಡುವೆ ಕಾರವಾರ, ಅಂಕೋಲೆ ತಾಲೂಕುಗಳ ಕಡಲಂಚಿನ ಊರುಗಳು ಖಾಲಿಯಾದವು. ಕದ್ರಾ ಅಣೆಕಟ್ಟು, ಕೈಗಾ ಸ್ಥಾವರ ಬೇರೆ. ಇಷ್ಟು ಜನ ನೆಲೆ ಕಳೆದುಕೊಂಡ ನೆಲದಿಂದ ಬಂದ ಕತೆಗಳು ಸಾಲವು. ಪುನರ್ವಸತಿ ಕಾಲೊನಿಯಲ್ಲಿ ಬೆಳೆದ ಹುಡುಗ ಕತೆ ಬರೆಯಲಾರ ಎಂದಲ್ಲ. ಬರೆದರೆ ಕಳಿಸುವ ವಿಳಾಸ ಅವನಿಗೆ ಗೊತ್ತಿರಲಿಲ್ಲ.

ಕಥಾಸ್ಪರ್ಧೆಗಳ ಬಗ್ಗೆ ಎರಡೇ ಮಾತು. ಪ್ರಜಾವಾಣಿಯ ದೀಪಾವಳಿ ಸ್ಪರ್ಧೆಯಿಂದ ಎಷ್ಟೋ ಒಳ್ಳೆಯ ಕತೆಗಾರರು ಬೆಳಕಿಗೆ ಬಂದಿದ್ದಾರೆ, ಅದನ್ನು ಅಲ್ಲಗಳೆಯುವವರಿಲ್ಲ. ಆದರೆ ಸ್ಪರ್ಧೆ ಗೆದ್ದವನ ಬೆನ್ನು ತಟ್ಟುತ್ತದೆ, ಸೋತವನಿಗೆ ಏನೂ ಹೇಳುವುದಿಲ್ಲ. ಈಗ ಊರೂರಿಗೆ ಸ್ಪರ್ಧೆಗಳಾಗಿವೆ. ತೀರ್ಪುಗಾರರ ರುಚಿ ನೋಡಿ ಬರೆಯುವವರ ಒಂದು ವರ್ಗವೇ ತಯಾರಾಗಿದೆ.

ಹಾಗಾದರೆ ಸೋತವನಿಗೂ ಒಂದು ಸಾಲು ಬರೆಯುತ್ತಿದ್ದ ಪತ್ರಿಕೆಗಳು ಯಾಕೆ ನಿಂತವು? ಸಾಹಿತ್ಯದ ಮೇಲೆ ಪ್ರೀತಿ ಕಡಿಮೆಯಾಯಿತು ಎಂಬ ಗೋಳು ನಮಗೆ ರುಚಿಸುವುದಿಲ್ಲ. ಅಂಚೆ ದರದ ಪುಸ್ತಕ ತೆರೆದು ನೋಡಿ. 2024ರವರೆಗೆ ಜಾರಿಯಲ್ಲಿದ್ದ 1898ರ ಅಂಚೆ ಕಾಯ್ದೆಯ ಪ್ರಕಾರ ವೃತ್ತಪತ್ರಿಕೆಯ ರಿಯಾಯಿತಿ ದರ ಸಿಗಬೇಕಾದರೆ ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಕೂಡದಾಗಿತ್ತು. ಅಂದರೆ ಸಿನಿಮಾ ವಾರಪತ್ರಿಕೆಗೆ ರಿಯಾಯಿತಿ ಇತ್ತು, ಸಾಹಿತ್ಯದ ತ್ರೈಮಾಸಿಕಕ್ಕೆ ಇರಲಿಲ್ಲ. ಪುಸ್ತಕಗಳಿಗಿದ್ದ ಅಗ್ಗದ ನೋಂದಾಯಿತ ಅಂಚೆಯನ್ನೂ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದರು. ಕೊರಿಯರಿನವರು ಜೋಯ್ಡಾದ ಹಳ್ಳಿಗೆ ಹೋಗುವುದಿಲ್ಲ. ಚಂದಾ ಕೊಟ್ಟವರಿಗೆ ಸಂಚಿಕೆ ತಲುಪದಿದ್ದರೆ ಮುಂದಿನ ವರ್ಷ ಚಂದಾ ಬರುವುದಿಲ್ಲ. ಸಣ್ಣ ಪತ್ರಿಕೆಗಳು ಸಾಯುವುದು ಸಾಮಾನ್ಯವಾಗಿ ಹೀಗೆ.

ಪ್ರಕಟಣೆಗೆ ಈಗ ಬರವಿಲ್ಲ. ಬರೆದ ಹತ್ತೇ ನಿಮಿಷಕ್ಕೆ ವಾಟ್ಸಾಪ್ ಗುಂಪಿನಲ್ಲಿ ಕತೆ ಬೀಳುತ್ತದೆ, ಹನ್ನೊಂದನೆಯ ನಿಮಿಷಕ್ಕೆ ಹೂಗುಚ್ಛಗಳು ಬೀಳುತ್ತವೆ. ಡಿಜಿಟಲ್ ‘ಅಡ್ಡಿಲ್ಲ’. ಇನ್ನೂರು ಪ್ರತಿ ಅಚ್ಚು ಹಾಕಿಸಿ ಸಂಕಲನ ಬಿಡುಗಡೆ ಮಾಡುವುದೂ ಸುಲಭ. ಇಷ್ಟರ ನಡುವೆ ಪೆನ್ಸಿಲ್ ಹಿಡಿದು ಓದುವ ಒಬ್ಬರು ಸಿಗುವುದಿಲ್ಲ. ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಕಥಾಕಮ್ಮಟಗಳಾಗುತ್ತವೆ, ಒಳ್ಳೆಯದೇ. ಎರಡು ದಿನದ ಕಮ್ಮಟದಲ್ಲಿ ಕತೆಯ ಬಗ್ಗೆ ಕೇಳಬಹುದು. ತನ್ನ ಕತೆಯ ನಾಲ್ಕನೆಯ ಕರಡಿನ ಬಗ್ಗೆ ಕೇಳಲು ಆಗುವುದಿಲ್ಲ.

ಬರುವ ವರ್ಷ ನಾವು ಮಾಡಲಿರುವುದನ್ನು ಹೇಳಿ ಮುಗಿಸುತ್ತೇವೆ. ಸಂಚಿಕೆಗಳನ್ನು ಕಡಿಮೆ ಮಾಡುತ್ತೇವೆ, ಕತೆಗಳ ಪುಟಮಿತಿ ತೆಗೆಯುತ್ತೇವೆ. ಬಂದ ಪ್ರತಿ ಕತೆಗೂ ಉತ್ತರ ಬರೆಯುತ್ತೇವೆ. ಉತ್ತರ ಎರಡು ತಿಂಗಳು ತಡವಾಗಬಹುದು, ಫೋನ್ ಮಾಡಬೇಡಿ. ಓದುವ ಕೆಲಸಕ್ಕೆ ಈ ಭಾಗದ ಮೂವರು ನಿವೃತ್ತ ಅಧ್ಯಾಪಕರು ಒಪ್ಪಿದ್ದಾರೆ. ಅವರಲ್ಲಿ ಒಬ್ಬರ ಮನೆಮಾತು ಕೊಂಕಣಿ, ಒಬ್ಬರು ಹಾಲಕ್ಕಿಗಳ ನಡುವೆ ಶಾಲೆ ನಡೆಸಿದವರು, ಮೂರನೆಯವರು ಬಲು ಸಿಡುಕರು ಎಂದು ಹೆಸರಾದವರು. ಕತೆ ಕೈಬರಹದಲ್ಲಿದ್ದರೂ ಆದೀತು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಅಂಚು ಧಾರಾಳ ಬಿಡಿ. ಸ್ವವಿಳಾಸದ ಲಕೋಟೆ ಬೇಕಿಲ್ಲ, ಆ ಖರ್ಚು ನಮ್ಮದು. ಸಂಭಾವನೆ ಕೊಡುತ್ತೇವೆ, ಕಾರವಾರದಿಂದ ಬೆಂಗಳೂರಿಗೆ ಹೋಗಿ ಬರುವ ಬಸ್ ಚಾರ್ಜಿಗಿಂತ ಅದು ಕಡಿಮೆಯಿರುತ್ತದೆ. ಮೊದಲ ಕಂತಿನ ಕತೆಗಳು ಫೆಬ್ರವರಿ ಕೊನೆಯೊಳಗೆ ನಮ್ಮ ಕೈ ಸೇರಲಿ.